ಪೋಲೊ 1.0 ಟಿಎಸ್‌ಐ ರೀಮ್ಯಾಪ್: ಸ್ಟಾಕ್ ಕ್ಲಚ್, ಗೇರ್‌ಬಾಕ್ಸ್ ಎಲ್ಲಿಯವರೆಗೆ ತಡೆಯುತ್ತದೆ?

ಕುಂಬಳೆ_ಟರ್ಬೊ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನದು ಪೋಲೊ 1.0 ಟಿಎಸ್‌ಐ, 2020ರ ಬಿಎಸ್6 ಗಾಡಿ, ಆರು ಗೇರಿನ ಮ್ಯಾನುವಲ್. ಸೆಕೆಂಡ್ ಹ್ಯಾಂಡ್ ತೆಗೆದದ್ದು. 62 ಸಾವಿರ ಕಿಲೋಮೀಟರ್ ಓಡಿದೆ, ವಾರಂಟಿ ಮುಗಿದಿದೆ. ದಿನಾ ಕುಂಬಳೆಯಿಂದ ಮಂಗಳೂರಿಗೆ ಹೋಗಿಬರುತ್ತೇನೆ. ಹೆದ್ದಾರಿ ಆರು ಪಥ ಆದ ಮೇಲೆ ಉಪ್ಪಳ, ಹೊಸಂಗಡಿ ಎಲ್ಲ ಗೊತ್ತೇ ಆಗದೆ ದಾಟಿ ಹೋಗುತ್ತದೆ. ರಜೆಯಲ್ಲಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿ.

ಗಾಡಿ ಸ್ಟಾಕ್‌ನಲ್ಲೇ, ಅಂದರೆ ಕಂಪನಿಯಿಂದ ಬಂದ ಹಾಗೆಯೇ, ಚೆನ್ನಾಗಿದೆ. ಪವರ್ 110 ಪಿಎಸ್, ಟಾರ್ಕ್ (ತಿರುಗಿಸುವ ಬಲ) 175 ಎನ್ಎಂ. ಆದರೆ ಆಸೆ ಕೇಳಬೇಕಲ್ಲ! ಒಬ್ಬ ಟ್ಯೂನರ್ ಹತ್ತಿರ ವಿಚಾರಿಸಿದೆ. ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸಿ ಸ್ಟೇಜ್ 1 ಮ್ಯಾಪ್ ಹಾಕಿದರೆ 140 ಪಿಎಸ್, 235 ಎನ್ಎಂ ಬರುತ್ತದೆ, ಯಾವ ಪಾರ್ಟೂ ಬದಲಾಯಿಸಬೇಕಾಗಿಲ್ಲ, ಎರಡು ಗಂಟೆ ಕೆಲಸ ಅಂದರು. ಜೊತೆಗೆ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಲ್ಲಿ ಪಟಪಟ ಸದ್ದು ಬರುವ ಹಾಗೆ ಮಾಡಿಕೊಡುತ್ತಾರಂತೆ, ಅದು ಫ್ರೀ.

ನನ್ನ ಪ್ರಶ್ನೆ ಇಷ್ಟು. ಪಾರ್ಟು ಬದಲಾಯಿಸಬೇಕಾಗಿಲ್ಲ ಅನ್ನುವುದು ಎಷ್ಟು ನಿಜ? ಕ್ಲಚ್, ಗೇರ್‌ಬಾಕ್ಸ್, ಟರ್ಬೊ ಇವುಗಳಲ್ಲಿ ಮೊದಲು ಸೋಲುವುದು ಯಾವುದು? ಪೆಟ್ರೋಲ್ ಯಾವಾಗಲೂ ತಲಪಾಡಿ ದಾಟಿ ಕರ್ನಾಟಕದ ಪಂಪಿನಲ್ಲಿ ಹಾಕಿಸುವುದು, ಲೀಟರಿಗೆ ಕಡಿಮೆ ಅಂತ. ಸಾದಾ ಪೆಟ್ರೋಲ್. ಮ್ಯಾಪ್ ಆದ ಮೇಲೆ ಅದೇ ಸಾಕಾ? ಮತ್ತೆ ನಮ್ಮ ಕೆಎಲ್ 14 (ಕಾಸರಗೋಡು) ಆರ್‌ಟಿಒದವರ ತಂಟೆ ಏನಾದರೂ ಉಂಟಾ?

ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬ ಏನೂ ಆಗುವುದಿಲ್ಲ ಅನ್ನುತ್ತಾನೆ, ಇನ್ನೊಬ್ಬ ಎಂಜಿನ್ ಸಿಡಿದೇ ಹೋಗುತ್ತದೆ ಅನ್ನುತ್ತಾನೆ. ನಮ್ಮ ಊರಿನ ರಸ್ತೆ, ಸೆಕೆ ಗೊತ್ತಿರುವವರು ಹೇಳಿದರೆ ಒಳ್ಳೆಯದು.

ಉಪ್ಪಳ_ಡೀಸೆಲ್ ಬರೆದದ್ದು:

ಹಾಕಿಸು ಮಾರಾಯ, ಇಷ್ಟು ಯೋಚನೆ ಎಂತಕ್ಕೆ? ನನ್ನದು ಹಳೇ ಸ್ವಿಫ್ಟ್ ಡೀಸೆಲ್, 1.3 ಮಲ್ಟಿಜೆಟ್, 75 ಪಿಎಸ್‌ನದು. ಟ್ಯೂನಿಂಗ್ ಬಾಕ್ಸ್ ಸಿಕ್ಕಿಸಿ ಎಷ್ಟೋ ವರ್ಷ ಆಯಿತು. ಇವತ್ತಿಗೂ ಹೊಸಂಗಡಿ ದಾಟುವಾಗ ದೊಡ್ಡ ಗಾಡಿಯವರು ಕನ್ನಡಿಯಲ್ಲಿ ನೋಡುತ್ತಾರೆ. ಸ್ವಲ್ಪ ಹೊಗೆ ಬರುತ್ತದೆ, ಅಷ್ಟೇ. ಕ್ಲಚ್ ಒಮ್ಮೆ ಹಾಕಿಸಿದೆ, ಅದು ಹೇಗೂ ಹೋಗುವುದೇ ಅಲ್ವಾ?

ಕಂಪನಿಯವರು ಯಾವಾಗಲೂ ಪಾರ್ಟನ್ನು ಬೇಕಾದ್ದಕ್ಕಿಂತ ಗಟ್ಟಿ ಮಾಡಿರುತ್ತಾರೆ. ಆ ಉಳಿದ ತಾಕತ್ತು ನಮ್ಮದೇ ದುಡ್ಡಿಂದು. ಸುಮ್ನೆ ಬಿಟ್ಟರೆ ಯಾರಿಗೆ ಲಾಭ? ಆರ್‌ಟಿಒದವರು ಕಣ್ಣಿಗೆ ಕಂಡದ್ದನ್ನು ಹಿಡಿಯುತ್ತಾರೆ, ಕಂಪ್ಯೂಟರ್ ಒಳಗೆ ಏನುಂಟು ಅಂತ ಯಾರು ನೋಡುತ್ತಾರೆ?

ಮುಳ್ಳೇರಿಯ_ವರ್ಕ್‌ಶಾಪ್ ಬರೆದದ್ದು:

ತಮ್ಮಾ, ಉಪ್ಪಳದವರು ಹೇಳಿದ್ದರಲ್ಲಿ ಅರ್ಧ ಸರಿ. ಕಂಪನಿಯವರು ಪಾರ್ಟನ್ನು ಗಟ್ಟಿಯಾಗಿಯೇ ಮಾಡುತ್ತಾರೆ. ಆದರೆ ಎಲ್ಲ ಪಾರ್ಟನ್ನೂ ಒಂದೇ ಅಳತೆಗೆ ಗಟ್ಟಿ ಮಾಡುವುದಿಲ್ಲ. ಒಂದರಲ್ಲಿ ಮೂವತ್ತು ಪರ್ಸೆಂಟ್ ಉಳಿಕೆ ಇದ್ದರೆ ಇನ್ನೊಂದರಲ್ಲಿ ಹತ್ತೇ ಇರಬಹುದು. ಆ ಹತ್ತು ಇರುವುದು ಯಾವುದರಲ್ಲಿ ಅಂತ ಹುಡುಕಬೇಕು.

ನಿನಗೆ ಟ್ಯೂನರ್ 140, 235 ಅಂತ ಎರಡು ಅಂಕೆ ಹೇಳಿದ್ದಾನೆ. ನೀನು ನೋಡಿದ್ದು 140. ನಾನು ನೋಡುವುದು 235. ಯಾಕೆ ಹೇಳುತ್ತೇನೆ.

ನಿನ್ನ ಗಾಡಿಯ ಗೇರ್‌ಬಾಕ್ಸಿನ ಹೆಸರು ಎಂಕ್ಯೂ200. ಆ 200 ಸುಮ್ನೆ ಇಟ್ಟ ನಂಬರ್ ಅಲ್ಲ, ಅದು ಎನ್ಎಂ ಲೆಕ್ಕ. 200 ಎನ್ಎಂ ತನಕ ತಡೆಯುವ ಹಾಗೆ ಮಾಡಿದ ಪೆಟ್ಟಿಗೆ. ನಿಮ್ಮದೇ ಪೋಲೊದ ಆಟೊಮ್ಯಾಟಿಕ್ ಎಕ್ಯೂ250, ಹಳೇ 1.2 ಜಿಟಿಯ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಡಿಕ್ಯೂ200. ಡಿಎಸ್‌ಜಿ ಹೆಸರಲ್ಲಿ 200 ಇದ್ದರೂ ಅದಕ್ಕೆ 250 ಎನ್ಎಂ ಕೊಟ್ಟಿದ್ದಾರೆ, ಅದು ಬೇರೆ ಕಥೆ. ಅಂದರೆ ಮೂರರಲ್ಲಿ ಕಡಿಮೆ ತಾಕತ್ತಿನದ್ದು ನಿನ್ನ ಮ್ಯಾನುವಲ್. ಜನ ಮ್ಯಾನುವಲ್ ಅಂದರೆ ಕಬ್ಬಿಣದ ತುಂಡು ಅಂತ ತಿಳಿದಿದ್ದಾರೆ.

201 ಎನ್ಎಂ ಆದ ಕೂಡಲೇ ಗೇರ್ ಹಲ್ಲು ಉದುರುವುದಿಲ್ಲ, ಹೆದರಬೇಡ. ಅದು ಲಕ್ಷಗಟ್ಟಲೆ ಕಿಲೋಮೀಟರಿಗೆ ಅಂತ ಕೊಟ್ಟ ಅಂಕೆ. ಆದರೆ 235 ಅಂದರೆ ಶೇ. 17 ಮೇಲೆ. ಅದರಲ್ಲೂ ಎರಡನೇ, ಮೂರನೇ ಗೇರಿನಲ್ಲಿ ಘಾಟಿ ಹತ್ತುವಾಗ ಪೂರ್ತಿ ಒತ್ತಿದರೆ ದಿನಾ ಆ ಭಾರ ಬೀಳುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಪಿಎಸ್ ಬೇಕಾದರೆ ಎನ್ಎಂ ಅನ್ನು ಆರ್‌ಪಿಎಂನಿಂದ ಗುಣಿಸಿ 7023ರಿಂದ ಭಾಗಿಸು. ನಿನ್ನ ಸ್ಟಾಕ್ ಎಂಜಿನ್ 5000 ಆರ್‌ಪಿಎಂನಲ್ಲಿ 110 ಪಿಎಸ್ ಕೊಡುತ್ತದೆ. ಅಂದರೆ ಅಲ್ಲಿ ಸಿಗುವ ಟಾರ್ಕ್ ಸುಮಾರು 154 ಎನ್ಎಂ ಮಾತ್ರ. 175 ಇರುವುದು ಕೆಳಗೆ, 1750ರಿಂದ 4000ದ ಒಳಗೆ. ಮೇಲೆ ಹೋದ ಹಾಗೆ ಕಂಪನಿಯವರೇ ಇಳಿಸಿದ್ದಾರೆ.

ಹಾಗಾದರೆ ಕೆಳಗೆ 200ಕ್ಕೆ ನಿಲ್ಲಿಸಿ, ಮೇಲೆ 5000ದಲ್ಲಿ 175 ಹಿಡಿದುಕೊಂಡರೆ ಎಷ್ಟಾಯಿತು? ಹತ್ತಿರ ಹತ್ತಿರ 125 ಪಿಎಸ್. ಗೇರ್‌ಬಾಕ್ಸ್ ಅದರ ಅಂಕೆಯ ಒಳಗೇ ಇದೆ. ನಿನಗೆ 15 ಪಿಎಸ್ ಜಾಸ್ತಿ ಸಿಕ್ಕಿತು, ಅದೂ ಓವರ್‌ಟೇಕ್ ಮಾಡುವಾಗ ಬೇಕಾದ ಜಾಗದಲ್ಲಿ. 4000 ದಾಟಿದ ಮೇಲೆ ಸ್ಟಾಕ್ ಗಾಡಿ ಸುಸ್ತಾಗುತ್ತದಲ್ಲ, ಅದು ಹೋಗುತ್ತದೆ.

ಆದರೆ ಟ್ಯೂನರ್‌ಗಳು ಯಾಕೆ ಹೀಗೆ ಮಾಡುವುದಿಲ್ಲ? ಟೆಸ್ಟ್ ಡ್ರೈವಿಗೆ ಕೂತ ಗಿರಾಕಿಗೆ ಬೆನ್ನಿಗೆ ಒಂದು ಏಟು ಬಿದ್ದ ಹಾಗೆ ಆಗಬೇಕು. ಅದು ಆಗುವುದು 2000 ಆರ್‌ಪಿಎಂನಲ್ಲಿ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಒಮ್ಮೆಲೇ ಏರಿಸಿದಾಗ. ದುಡ್ಡು ಬರುವುದು ಆ ಏಟಿಗೆ. ಎಂಜಿನ್‌ಗೆ ಪೆಟ್ಟು ಬೀಳುವುದೂ ಅಲ್ಲೇ.

ಸಣ್ಣ ಎಂಜಿನ್, ಡೈರೆಕ್ಟ್ ಇಂಜೆಕ್ಷನ್, ಟರ್ಬೊ, ಕಡಿಮೆ ಆರ್‌ಪಿಎಂ, ಜಾಸ್ತಿ ಭಾರ. ಈ ಐದೂ ಒಟ್ಟಿಗೆ ಸೇರಿದರೆ ಪ್ಲಗ್ ಕಿಡಿ ಕೊಡುವ ಮೊದಲೇ ಒಳಗೆ ಬೆಂಕಿ ಹತ್ತುವ ಅಪಾಯ ಇದೆ. ಎಲ್‌ಎಸ್‌ಪಿಐ ಅನ್ನುತ್ತಾರೆ. ಕಿಡಿ ಬಿದ್ದ ಮೇಲೆ ಉಳಿದ ಮಿಶ್ರಣ ತಾನಾಗಿ ಸಿಡಿಯುವ ಮಾಮೂಲಿ ನಾಕಿಂಗ್ ಅಲ್ಲ ಅದು. ನಾಕಿಂಗ್ ಆದರೆ ಸೆನ್ಸರ್ ಕೇಳಿಸಿಕೊಂಡು ಇಗ್ನಿಷನ್ ಹಿಂದೆ ಎಳೆಯುತ್ತದೆ, ಅಂದರೆ ಕಿಡಿಯನ್ನು ತಡ ಮಾಡುತ್ತದೆ. ಇದರಲ್ಲಿ ಕಿಡಿಯೇ ಇಲ್ಲ, ಹಿಂದೆ ಎಳೆಯುವುದು ಏನನ್ನು? ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿದ ಗಾಡಿಗಳು ಇದರಿಂದಲೇ. ಎಪಿಐ ಎಸ್‌ಪಿ ದರ್ಜೆಯ ಎಣ್ಣೆ 2020ರಲ್ಲಿ ಬಂತು, ಅದರಲ್ಲಿ ಎಲ್‌ಎಸ್‌ಪಿಐ ಪರೀಕ್ಷೆ ಸೇರಿದೆ. ಮ್ಯಾನುವಲ್ ಪುಸ್ತಕದಲ್ಲಿ ಬರೆದ ವಿಡಬ್ಲ್ಯೂ (ಫೋಕ್ಸ್‌ವ್ಯಾಗನ್) ನಂಬರ್ ಇರುವ ಎಣ್ಣೆಯನ್ನೇ ಹಾಕಿಸು. ಕ್ಯಾನ್ ಮೇಲೆ ರೇಸ್ ಕಾರಿನ ಚಿತ್ರ ಇದ್ದರೆ ಸಾಲದು.

ಅದಕ್ಕೇ ಹೇಳುವುದು, ಎಂಜಿನ್‌ಗೆ ನೋವಾಗುವುದು 140 ಪಿಎಸ್‌ನಿಂದ ಅಲ್ಲ, 1800 ಆರ್‌ಪಿಎಂನಲ್ಲಿ 235 ಎನ್ಎಂ ಕೇಳಿದರೆ. ಆರನೇ ಗೇರಿನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಪೂರ್ತಿ ಒತ್ತುವ ಅಭ್ಯಾಸ ಇದ್ದರೆ ಇವತ್ತೇ ಬಿಡು. ಮ್ಯಾಪ್ ಇರಲಿ, ಇಲ್ಲದಿರಲಿ.

ಮೊದಲು ಸೋಲುವುದು ಯಾವುದು ಅಂತ ಕೇಳಿದ್ದೀಯ. ಕ್ಲಚ್. ಸಂಶಯವೇ ಇಲ್ಲ. 62 ಸಾವಿರ ಓಡಿದ ಕ್ಲಚ್, ಮೊದಲಿನ ಯಜಮಾನ ಹೇಗೆ ಓಡಿಸಿದ್ದಾನೋ ದೇವರಿಗೇ ಗೊತ್ತು. ಪರೀಕ್ಷೆ ಸುಲಭ. ನಾಯ್ಕಾಪಿನಿಂದ ಸೀತಾಂಗೋಳಿ ಕಡೆಗೆ ಏರು ಇದೆಯಲ್ಲ, ರಸ್ತೆ ಖಾಲಿ ಇರುವಾಗ ನಾಲ್ಕನೇ ಗೇರಿನಲ್ಲಿ 2500 ಆರ್‌ಪಿಎಂ ಇಟ್ಟುಕೊಂಡು ಪೂರ್ತಿ ಒತ್ತು. ಮುಳ್ಳು ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸುಟ್ಟ ವಾಸನೆ ಬಂದರೆ ಕೇಳುವುದೇ ಬೇಡ. ಸ್ಟಾಕ್‌ನಲ್ಲೇ ಜಾರುವ ಕ್ಲಚ್ ಇಟ್ಟುಕೊಂಡು ಮ್ಯಾಪ್ ಹಾಕಿಸಿದವರು ನನ್ನ ಹತ್ತಿರ ಬಂದಿದ್ದಾರೆ. ಬಿಚ್ಚಿ ನೋಡಿದರೆ ಫ್ಲೈವೀಲ್ ಮೇಲೆ ನೀಲಿ ಕಲೆ. ಪ್ಲೇಟ್ ಒಂದರಲ್ಲಿ ಮುಗಿಯಬೇಕಾದ ಖರ್ಚು ಫ್ಲೈವೀಲಿಗೂ ಹೋಯಿತು.

ಟರ್ಬೊ ಸಣ್ಣದು. ಅದರ ಚಕ್ರ ನಿಮಿಷಕ್ಕೆ ಎರಡು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವಂಥದ್ದು. ಮೇಲಿನ ಆರ್‌ಪಿಎಂನಲ್ಲಿ ಜಾಸ್ತಿ ಗಾಳಿ ಕೇಳಿದರೆ ಗಾಳಿಯ ಬದಲು ಬಿಸಿ ಕೊಡುತ್ತದೆ. ಈ ಎಂಜಿನ್ನಿನಲ್ಲಿ ಇಂಟರ್‌ಕೂಲರ್ ಮುಂದೆ ಗ್ರಿಲ್ ಹಿಂದೆ ಇಲ್ಲ, ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇದೆ, ನೀರಿನಿಂದ ತಣಿಯುವಂಥದ್ದು. ಒಂದೆರಡು ಸಲ ಎಳೆದರೆ ಏನೂ ಗೊತ್ತಾಗುವುದಿಲ್ಲ. ಸಂಪಾಜೆಯಿಂದ ಮೇಲೆ ನಿಲ್ಲಿಸದೆ ಒತ್ತುತ್ತಾ ಹೋದರೆ ಆ ನೀರೂ ಬಿಸಿಯಾಗುತ್ತದೆ, ಆಮೇಲೆ ಬೇಗ ಇಳಿಯುವುದಿಲ್ಲ. ಯುರೋಪಿನ 20 ಡಿಗ್ರಿಯಲ್ಲಿ, 98 ಆಕ್ಟೇನ್ (ನಾಕಿಂಗ್ ತಡೆಯುವ ಅಳತೆ) ಪೆಟ್ರೋಲಿನಲ್ಲಿ ಅಳೆದ ಅಂಕೆಯನ್ನು ತಂದು ನಮ್ಮ ಏಪ್ರಿಲ್ ತಿಂಗಳ ಸೆಕೆಗೆ ಹೇಳಿದರೆ ಹೇಗೆ? ಆ 140 ಇಂಥ ಅಂಕೆ ಅಂತ ನನಗೆ ಕಾಣುತ್ತದೆ.

ಪಟಪಟ ಸದ್ದು ಬೇಡವೇ ಬೇಡ. ಫ್ರೀ ಕೊಟ್ಟರೂ ಬೇಡ. ಉರಿಯದ ಪೆಟ್ರೋಲನ್ನು ಬೇಕೆಂದೇ ಎಕ್ಸಾಸ್ಟಿಗೆ ಕಳಿಸಿ ಅಲ್ಲಿ ಸಿಡಿಸುವುದು ಅದು. ಬಿಸಿ ಬೀಳುವುದು ಟರ್ಬೊ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ. ಕ್ಯಾಟ್ ಬೆಲೆ ಕೇಳಿದ್ದೀಯಾ? ಕೇಳು, ಆಮೇಲೆ ಸದ್ದಿನ ಆಸೆ ತಾನಾಗಿ ಹೋಗುತ್ತದೆ.

ಮ್ಯಾಪಿನ ದುಡ್ಡಿಗಿಂತ ಮೊದಲು ಬ್ರೇಕು ನೋಡು. ಹಿಂದೆ ಡ್ರಮ್. ಮಡಿಕೇರಿಯಿಂದ ಇಳಿಯುವಾಗ ಮುಂದಿನ ಡಿಸ್ಕೇ ಎಲ್ಲ ಹೊರಬೇಕು. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಬದಲಾಯಿಸು, ನಮ್ಮ ಮಳೆಗಾಲದ ತೇವವನ್ನೆಲ್ಲ ಅದು ಕುಡಿದಿರುತ್ತದೆ. ಟಯರೂ ಹಾಗೆಯೇ. ಜುಲೈಯಲ್ಲಿ ಎರಡನೇ ಗೇರಿನಲ್ಲಿ ಮುಂದಿನ ಚಕ್ರ ಸುಮ್ನೆ ತಿರುಗುವುದಾದರೆ 235 ಇದ್ದರೇನು, 175 ಇದ್ದರೇನು.

ಪೆರ್ಲದವಳು ಬರೆದದ್ದು:

ನಾನು ಪೆರ್ಲದವಳು, ಈಗ ಬೆಂಗಳೂರಿನಲ್ಲಿ ಎಂಜಿನ್ ಕ್ಯಾಲಿಬ್ರೇಷನ್ ಕೆಲಸ. ಈ ಗಾಡಿಯದ್ದಲ್ಲ, ಆದರೆ ಹೆಚ್ಚುಕಮ್ಮಿ ಇಂಥದೇ ಎಂಜಿನ್. ಮುಳ್ಳೇರಿಯದ ಅಣ್ಣ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಈ ಎಂಜಿನ್ 999 ಸಿಸಿ. 175 ಎನ್ಎಂ ಅಂದರೆ ಸಿಲಿಂಡರಿನ ಒಳಗಿನ ಸರಾಸರಿ ಒತ್ತಡ ಲೆಕ್ಕದಲ್ಲಿ 22 ಬಾರ್ ಬರುತ್ತದೆ. ಬೀದಿಯಲ್ಲಿ ಓಡುವ ಪೆಟ್ರೋಲ್ ಕಾರಿಗೆ ಇದು ಆಗಲೇ ಜಾಸ್ತಿ. 235 ಆದರೆ 29 ದಾಟುತ್ತದೆ. ಇದು ಸರಾಸರಿ ಮಾತ್ರ, ಉರಿಯುವ ಕ್ಷಣದ ಒತ್ತಡ ಇದರ ಹಲವು ಪಟ್ಟು. ಪಿಸ್ಟನ್ ಅಗಲ 74.5 ಮಿಲಿಮೀಟರ್. ಒಳಗೆ 100 ಬಾರ್ ಆದರೆ ಒಂದು ಪಿಸ್ಟನ್ ಮೇಲೆ ನಾಲ್ಕು ಟನ್ನಿಗೂ ಜಾಸ್ತಿ ಭಾರ. ಅದನ್ನು ಹೊರುವುದು ಬೆರಳಿನಷ್ಟು ದಪ್ಪದ ಕನೆಕ್ಟಿಂಗ್ ರಾಡ್. ರಾಡ್ ಬಾಗುವುದು ಈ ಒತ್ತಡದಿಂದ, ಅಂದರೆ ಟಾರ್ಕಿನಿಂದ. ಆರ್‌ಪಿಎಂ ಜಾಸ್ತಿಯಾದರೆ ಬೇರೆ ಥರದ ಭಾರ ಬೀಳುತ್ತದೆ, ಆದರೆ ಸ್ಟಾಕ್ ಲಿಮಿಟ್ ಮುಟ್ಟದೆ ಇದ್ದರೆ ಅದು ಹೊಸದಲ್ಲ. ಹಾಗಾಗಿ 200ಕ್ಕೆ ಕಟ್ಟಿಹಾಕಿ ಅನ್ನುವ ಅಣ್ಣನ ಸಲಹೆ ಗೇರ್‌ಬಾಕ್ಸಿಗೆ ಮಾತ್ರ ಅಲ್ಲ, ರಾಡಿಗೂ ಒಳ್ಳೆಯದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಈಗಿನ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಬೂಸ್ಟನ್ನು ನೇರವಾಗಿ ಕೇಳುವುದಿಲ್ಲ. ನೀವು ಆಕ್ಸಿಲರೇಟರ್ ಒತ್ತಿದರೆ ಇಷ್ಟು ಎನ್ಎಂ ಬೇಕು ಅಂತ ಲೆಕ್ಕ ಹಾಕುತ್ತದೆ, ಅದಕ್ಕೆ ಬೇಕಾದ ಗಾಳಿ ಎಷ್ಟು, ಕಿಡಿ ಯಾವಾಗ ಅಂತ ಆಮೇಲೆ ನೋಡುತ್ತದೆ. ಜೊತೆಗೆ ಒಂದು ಕಾವಲು ಲೆಕ್ಕವೂ ಇರುತ್ತದೆ. ಕೇಳಿದ್ದಕ್ಕಿಂತ ಜಾಸ್ತಿ ಟಾರ್ಕ್ ಬರುತ್ತಿದೆ ಅನ್ನಿಸಿದರೆ ಥ್ರಾಟಲ್ ಮುಚ್ಚುತ್ತದೆ. ಅವಸರದ ಟ್ಯೂನರ್ ಈ ಲೆಕ್ಕವನ್ನು ಸರಿಯಾಗಿ ತಿದ್ದುವುದಿಲ್ಲ. ಗಾಳಿ ಮತ್ತು ಟಾರ್ಕಿನ ಕೋಷ್ಟಕದಲ್ಲಿ ಸುಳ್ಳು ಅಂಕೆ ತುಂಬುತ್ತಾನೆ. ಎಂಜಿನ್ 230 ಕೊಡುತ್ತಿರುವಾಗ ಇಸಿಯು 180 ಅಂದುಕೊಂಡಿರುತ್ತದೆ.

ಮ್ಯಾನುವಲ್‌ನಲ್ಲಿ ಇದರಿಂದ ತಕ್ಷಣ ತೊಂದರೆ ಇಲ್ಲ. ಆಟೊಮ್ಯಾಟಿಕ್‌ನಲ್ಲಿ ಹಾಗಲ್ಲ. ಗೇರ್‌ಬಾಕ್ಸ್ ಒಳಗಿನ ಕ್ಲಚ್ಚನ್ನು ಎಷ್ಟು ಒತ್ತಿ ಹಿಡಿಯಬೇಕು ಅಂತ ತೀರ್ಮಾನಿಸುವುದು ಎಂಜಿನ್ ಹೇಳಿದ ಟಾರ್ಕ್ ನೋಡಿ. ಎಂಜಿನ್ ಸುಳ್ಳು ಹೇಳಿದರೆ ಹಿಡಿತ ಸಡಿಲವಾಗುತ್ತದೆ, ಒಳಗೆ ಜಾರಿ ಜಾರಿ ಸವೆಯುತ್ತದೆ. ಇದನ್ನು ಓದುತ್ತಿರುವ ಆಟೊಮ್ಯಾಟಿಕ್‌ನವರು ಟ್ಯೂನರ್ ಹತ್ತಿರ ಒಂದೇ ಪ್ರಶ್ನೆ ಕೇಳಿ: ಟಾರ್ಕ್ ಮಾಡೆಲ್ ತಿದ್ದುತ್ತೀರಾ, ಇಲ್ಲ ಅದನ್ನು ಮೋಸಗೊಳಿಸುತ್ತೀರಾ? ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಪೆಟ್ರೋಲ್ ಬಗ್ಗೆ. ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ್ದು. ಆಕ್ಟೇನ್ 95, ಮೊದಲಿನ ಸಾದಾ ಪೆಟ್ರೋಲಿನ 91ಕ್ಕಿಂತ ಒಳ್ಳೆಯದು. ಎಥನಾಲ್ ಒಳಗೆ ತಂಪೂ ಮಾಡುತ್ತದೆ, ನಾಕಿಂಗ್ ಕಡಿಮೆ. ಇದು ಲಾಭ. ಆದರೆ ಎಥನಾಲ್‌ನಲ್ಲಿ ಕಸುವು ಕಡಿಮೆ, ಅದೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಶೇ. 8ರಷ್ಟು ಜಾಸ್ತಿ ಸುರಿಯಬೇಕು. ಅದರ ಮೇಲೆ ಮ್ಯಾಪಿನದ್ದೂ ಸೇರಿತು. ಕ್ಯಾಮ್‌ಶಾಫ್ಟಿನಿಂದ ಓಡುವ ಹೈ ಪ್ರೆಶರ್ ಪಂಪು ಒಂದು ಸುತ್ತಿಗೆ ಇಷ್ಟೇ ಕೊಡಲು ಸಾಧ್ಯ. ಮೇಲಿನ ಆರ್‌ಪಿಎಂನಲ್ಲಿ ಅದು ಸಾಲದೆ ಹೋದರೆ ರೇಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಪೆಟ್ರೋಲಿನ ಒತ್ತಡ) ಬೀಳುತ್ತದೆ, ಮಿಶ್ರಣ ತೆಳ್ಳಗಾಗುತ್ತದೆ. ತೆಳ್ಳಗಿನ ಮಿಶ್ರಣ, ಪೂರ್ತಿ ಬೂಸ್ಟ್. ಪಿಸ್ಟನ್ ಕರಗಲು ಇಷ್ಟು ಸಾಕು. 2020ರ ಗಾಡಿ ಇ10 ಕಾಲದ್ದು ಅನ್ನುವುದೂ ನೆನಪಿರಲಿ. ಮ್ಯಾಪ್ ಹಾಕುವವರು ಯಾವ ಪೆಟ್ರೋಲಿಗೆ ಬರೆದದ್ದು ಅಂತ ಹೇಳಲೇಬೇಕು. ನಿಮಗೆ ಸಿಗುವ 95ಕ್ಕೆ ಬರೆಸಿ. 100 ಆಕ್ಟೇನ್ ಪೆಟ್ರೋಲಿಗೆ ಬರೆಸಿ ತಲಪಾಡಿಯಲ್ಲಿ ಸಾದಾ ಹಾಕಿಸುವುದು ಬೇಡ.

ಕಾನೂನು: ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಆ ಕೇಸು ಹೋದದ್ದೂ ಕೇರಳದಿಂದಲೇ. ದಂಡ ಒಂದೊಂದು ಬದಲಾವಣೆಗೆ 5000 ರೂಪಾಯಿ, ಜೈಲೂ ಬರೆದಿದೆ. ಕಂಪ್ಯೂಟರ್ ಒಳಗೆ ಯಾರು ನೋಡುತ್ತಾರೆ ಅಂತ ಉಪ್ಪಳದವರು ಕೇಳಿದರು. ದಾರಿಯಲ್ಲಿ ಯಾರೂ ನೋಡುವುದಿಲ್ಲ ಅನ್ನಿ. ದೊಡ್ಡ ಅಪಘಾತ ಆದರೆ ಇನ್ಶೂರೆನ್ಸ್‌ನವರು ನೋಡಬಹುದು. ಸರ್ವಿಸ್ ಸೆಂಟರಿನ ಕಂಪ್ಯೂಟರಿಗೂ ಮ್ಯಾಪ್ ಬದಲಾದದ್ದು ಗೊತ್ತಾಗುತ್ತದೆ, ವಿಡಬ್ಲ್ಯೂದವರು ಅಂಥ ಗಾಡಿಗೆ ಟಿಡಿ1 ಅಂತ ಗುರುತು ಹಾಕುತ್ತಾರೆ. ಇನ್ಶೂರೆನ್ಸ್‌ನವರಿಗೆ ಮೊದಲೇ ಬರೆದು ತಿಳಿಸದೆ ಯಾವ ಮ್ಯಾಪೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಉಪ್ಪಳ_ಡೀಸೆಲ್ ಬರೆದದ್ದು:

ಅಕ್ಕಾ, ನಿಮ್ಮ ಬಾರ್ ಲೆಕ್ಕ ಓದಿ ನನಗೇ ಕಾಲು ನಡುಗಿತು. ಹಾಗಾದರೆ ನನ್ನ ಬಾಕ್ಸ್ ಇಷ್ಟು ವರ್ಷ ಹೇಗೆ ನಡೆಯಿತು?

ಮುಳ್ಳೇರಿಯ_ವರ್ಕ್‌ಶಾಪ್ ಬರೆದದ್ದು:

ನಿಮ್ಮದು ಡೀಸೆಲ್, ಆ ಬ್ಲಾಕು, ರಾಡು ಹುಟ್ಟಿನಿಂದಲೇ ದಪ್ಪ. ಬಾಕ್ಸ್ ಮಾಡುವುದು ರೇಲ್ ಪ್ರೆಶರ್ ಕಡಿಮೆ ಇದೆ ಅಂತ ಇಸಿಯುಗೆ ಸುಳ್ಳು ಹೇಳುವುದು. ಇಸಿಯು ಪ್ರೆಶರ್ ಏರಿಸುತ್ತದೆ, ಡೀಸೆಲ್ ಜಾಸ್ತಿ ಬೀಳುತ್ತದೆ. ಗಾಳಿ ಅದಕ್ಕೆ ತಕ್ಕಷ್ಟು ಏರದಿದ್ದರೆ ಉಳಿದದ್ದು ಹೊಗೆ. ಡೀಸೆಲ್‌ನಲ್ಲಿ ಅಳತೆ ತಪ್ಪಿದ್ದು ಕರಿಹೊಗೆಯಾಗಿ ಕಾಣುತ್ತದೆ. ಪೆಟ್ರೋಲಿನಲ್ಲಿ ಏನೂ ಕಾಣುವುದಿಲ್ಲ, ಸೀದಾ ಪಿಸ್ಟನ್ನಿಗೆ ಹೋಗುತ್ತದೆ. ಅದಕ್ಕೇ ಡೀಸೆಲಿನ ಧೈರ್ಯವನ್ನು ಪೆಟ್ರೋಲಿನವನಿಗೆ ಕೊಡಬೇಡಿ ಮಾರಾಯ್ರೆ. ನಿಮ್ಮ ಹೊಗೆ ಪೊಲ್ಯೂಷನ್ ಟೆಸ್ಟಿನಲ್ಲಿ ಪಾಸಾಗುತ್ತದಾ, ಇಲ್ಲ ಆ ದಿನ ಮಾತ್ರ ಬಾಕ್ಸ್ ಕಿತ್ತಿಡುತ್ತೀರಾ?

ಉಪ್ಪಳ_ಡೀಸೆಲ್ ಬರೆದದ್ದು:

ಆ ಪ್ರಶ್ನೆ ಇಲ್ಲಿ ಬೇಡ 😄

ಕುಂಬಳೆ_ಟರ್ಬೊ ಬರೆದದ್ದು:

ಅಣ್ಣ, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಹಾಗೆ ನಿನ್ನೆ ಬೆಳಗ್ಗೆ ನಾಯ್ಕಾಪ್ ಏರಿನಲ್ಲಿ ನೋಡಿದೆ. ಸ್ಟಾಕ್‌ನಲ್ಲಿ ಕ್ಲಚ್ ಜಾರುವುದಿಲ್ಲ. ಆದರೆ ಪೆಡಲ್ ತುಂಬಾ ಮೇಲೆ ಬಂದ ಮೇಲೆ ಹಿಡಿಯುತ್ತದೆ, ಗೆಳೆಯನ ಗಾಡಿಯಲ್ಲಿ ಅಷ್ಟಿಲ್ಲ.

ಒಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಹಾಕಿ ಮೊಬೈಲಿನಲ್ಲಿ ಲಾಗ್ ತೆಗೆದೆ. ಮೂರನೇ ಗೇರ್, 2000ದಿಂದ 5500ರ ತನಕ ಪೂರ್ತಿ ಒತ್ತಿ. ಹೊರಗೆ 31 ಡಿಗ್ರಿ. ಒಳಗೆ ಹೋಗುವ ಗಾಳಿ ಶುರುವಿಗೆ 44, ಕೊನೆಗೆ 53. ಎರಡನೇ ಸಿಲಿಂಡರಿನಲ್ಲಿ ಇಗ್ನಿಷನ್ 4.5 ಡಿಗ್ರಿ ಹಿಂದೆ ಎಳೆದದ್ದು ತೋರಿಸುತ್ತದೆ, ಉಳಿದ ಎರಡರಲ್ಲಿ ಒಂದು, ಒಂದೂವರೆ ಅಷ್ಟೇ. ರೇಲ್ ಪ್ರೆಶರ್ ಕೇಳಿದಷ್ಟು ಸಿಗುತ್ತಿದೆ. ಇದರ ಅರ್ಥ ಏನು? ಟ್ಯೂನರಿಗೆ 200ಕ್ಕೆ ಕಟ್ಟಿಹಾಕಿ ಅಂದರೆ, ಹಾಗಾದರೆ ಮ್ಯಾಪ್ ಯಾಕೆ ಹಾಕಿಸುತ್ತೀರಿ ಅಂತ ಕೇಳಿದರು.

ಪೆರ್ಲದವಳು ಬರೆದದ್ದು:

ಆ ಟ್ಯೂನರ್ ಬೇಡ. ಗಿರಾಕಿ ಕಡಿಮೆ ಕೇಳಿದರೆ ಬೇಸರ ಮಾಡಿಕೊಳ್ಳುವವರು ಮೊದಲೇ ಬರೆದಿಟ್ಟ ಫೈಲ್ ತುಂಬುವವರು. ಸ್ವಂತ ಬರೆಯುವವರಿಗೆ ಒಂದು ಮಿತಿ ಹಾಕುವುದು ಕಷ್ಟದ ಕೆಲಸ ಅಲ್ಲ. ಅವರು ನಿಮ್ಮ ಸ್ಟಾಕ್ ಲಾಗ್ ಮೊದಲು ಕೇಳುತ್ತಾರೆ, ಮ್ಯಾಪ್ ಹಾಕಿದ ಮೇಲೆ ಇನ್ನೊಂದು ತೆಗೆಯುತ್ತಾರೆ, ನಿಮ್ಮ ಮೂಲ ಫೈಲನ್ನು ನಿಮ್ಮ ಕೈಗೆ ಕೊಡುತ್ತಾರೆ.

ಎರಡನೇ ಸಿಲಿಂಡರಿನ 4.5 ನನಗೆ ಇಷ್ಟ ಆಗಲಿಲ್ಲ. ಸ್ಟಾಕ್ ಬೂಸ್ಟಿನಲ್ಲೇ ಅಷ್ಟು ಇದ್ದರೆ ಮ್ಯಾಪ್ ಆದ ಮೇಲೆ ಅದು ಇನ್ನೂ ಏರುತ್ತದೆ. ಮೂರರಲ್ಲೂ ಇದ್ದಿದ್ದರೆ ಪೆಟ್ರೋಲ್, ಸೆಕೆ ಅನ್ನಬಹುದಿತ್ತು. ಒಂದರಲ್ಲಿ ಮಾತ್ರ ಅಂದರೆ ಆ ಸಿಲಿಂಡರಿನದ್ದೇ ಏನೋ ಇದೆ.

ಮುಳ್ಳೇರಿಯ_ವರ್ಕ್‌ಶಾಪ್ ಬರೆದದ್ದು:

ಹೌದು, ಪೆರ್ಲದ ಅಕ್ಕ ಹೇಳಿದ್ದು ಸರಿ. ಮೊದಲು ಪ್ಲಗ್ ಮೂರೂ ಬಿಚ್ಚಿ ಸಾಲಾಗಿ ಇಟ್ಟು ನೋಡು. ಎರಡನೆಯದರ ಬಣ್ಣ ಬೇರೆ ಇದ್ದರೆ, ತುದಿ ಬಿಳಿಚಿದ್ದರೆ, ಪಿಂಗಾಣಿ ಮೇಲೆ ಸಣ್ಣ ಸಣ್ಣ ಚುಕ್ಕಿ ಇದ್ದರೆ ಅಲ್ಲಿ ನಿಜವಾಗಿ ನಾಕಿಂಗ್ ಆಗುತ್ತಿದೆ. ಎಣ್ಣೆ ಅಂಟಿದ್ದರೆ ಬೇರೆ ಕಥೆ, ಕಂಪ್ರೆಷನ್ ನೋಡಬೇಕು. 62 ಸಾವಿರ ಓಡಿದೆ, ಪ್ಲಗ್ ಹೇಗೂ ಹೊಸದು ಹಾಕಬೇಕು. ಕಂಪನಿ ಹೇಳಿದ ನಂಬರಿನದ್ದೇ ತೆಗೆದುಕೋ. ಮ್ಯಾಪ್ ಹಾಕಿದ ಮೇಲೆ ಬೇಕಾದರೆ ಗ್ಯಾಪ್ ಸ್ವಲ್ಪ ಇಳಿಸಿ 0.65 ಮಿಲಿಮೀಟರಿನ ಹತ್ತಿರ ತರಬಹುದು, ಜಾಸ್ತಿ ಬೂಸ್ಟಿನಲ್ಲಿ ಕಿಡಿ ಆರಿಹೋಗುವುದಿಲ್ಲ. ಈಗಲೇ ಬೇಡ.

ಡೈರೆಕ್ಟ್ ಇಂಜೆಕ್ಷನ್ ಆದ ಕಾರಣ ಇನ್‌ಟೇಕ್ ವಾಲ್ವಿನ ಹಿಂದೆ ಕಾರ್ಬನ್ ಕೂರುತ್ತದೆ, ಪೆಟ್ರೋಲ್ ತಾಗಿ ತೊಳೆದುಹೋಗುವುದಿಲ್ಲ. ಒಂದು ಸಿಲಿಂಡರಿನಲ್ಲಿ ಜಾಸ್ತಿ ಕೂತಿದ್ದರೆ ಅದೂ ಹೀಗೆ ತೋರಿಸಬಹುದು. ಕ್ಯಾಮೆರಾ ಹಾಕಿ ನೋಡಲು ಆಗುತ್ತದೆ. ಬಾಟಲಿ ಔಷಧಿ ಟ್ಯಾಂಕಿಗೆ ಹೊಯ್ದರೆ ಈ ಕಾರ್ಬನ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಟ್ಯಾಂಕಿನ ಪೆಟ್ರೋಲ್ ಆ ವಾಲ್ವಿನ ಬೆನ್ನಿಗೆ ತಾಗುವುದೇ ಇಲ್ಲ, ಔಷಧಿ ಹೇಗೆ ತಾಗುತ್ತದೆ?

ಆಮೇಲೆ ಅದೇ ಏರು, ಅದೇ ಗೇರು, ಅದೇ ಹೊತ್ತಿನಲ್ಲಿ ಇನ್ನೊಂದು ಲಾಗ್. ಮೂರೂ ಸಿಲಿಂಡರ್ ಎರಡು ಡಿಗ್ರಿಯ ಒಳಗೆ ಬಂದರೆ ಮ್ಯಾಪಿನ ಮಾತು. ಬಾರದಿದ್ದರೆ ಮ್ಯಾಪ್ ಇಲ್ಲ, ಗಾಡಿ ಸರಿ ಮಾಡಿಸುವುದು.

ಕ್ಲಚ್ ಪೆಡಲ್ ಮೇಲೆ ಹಿಡಿಯುತ್ತದೆ ಅಂದೆಯಲ್ಲ, ಪ್ಲೇಟ್ ಸವೆದಿರಬಹುದು. ಈಗ ಜಾರುವುದಿಲ್ಲ, 200 ಎನ್ಎಂಗೆ ಜಾರುತ್ತದೆ ಅಂತ ನನ್ನ ಅಂದಾಜು. ರೇಸಿಂಗ್ ಕ್ಲಚ್ ಹಾಕಿಸಬೇಡ, ತೊಕ್ಕೊಟ್ಟು, ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಎಡಗಾಲು ಕಳಚಿ ಬೀಳುತ್ತದೆ. ಹೊಸ ಸ್ಟಾಕ್ ಕ್ಲಚ್ 200ಕ್ಕೆ ಸಾಕು.

ಕುಂಬಳೆ_ಟರ್ಬೊ ಬರೆದದ್ದು:

ಸರಿ ಅಣ್ಣ. ಶನಿವಾರ ಪ್ಲಗ್ ಬಿಚ್ಚುತ್ತೇನೆ, ಫೋಟೊ ಹಾಕುತ್ತೇನೆ. ಇನ್ಶೂರೆನ್ಸ್‌ನವರಿಗೆ ಮೇಲ್ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಮ್ಯಾಪ್ ಮಳೆಗಾಲ ಕಳೆದ ಮೇಲೆ ನೋಡೋಣ. ಕ್ಲಚ್ ಕೆಲಸ ನಿಮ್ಮಲ್ಲೇ ಮಾಡಿಸಬಹುದಾ? ಪ್ಲೇಟ್ ಮಾತ್ರ ತಂದರೆ ಸಾಕಾ?

ಮುಳ್ಳೇರಿಯ_ವರ್ಕ್‌ಶಾಪ್ ಬರೆದದ್ದು:

ಬಾ. ಆದರೆ ಪ್ಲೇಟ್ ಮಾತ್ರ ಅಲ್ಲ, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲ ಇರುವ ಪೂರ್ತಿ ಸೆಟ್ ತಾ. ಗೇರ್‌ಬಾಕ್ಸ್ ಇಳಿಸಿದಾಗ ಎಂಜಿನ್ ಹಿಂದಿನ ಆಯಿಲ್ ಸೀಲ್ ಒದ್ದೆ ಇದೆಯಾ ಅಂತ ನೋಡಿ ಅದನ್ನೂ ಹಾಕೋಣ. ಆಮೇಲೆ ಸೀಲ್ ಸೋರಲು, ಬೇರಿಂಗ್ ಕಿರುಚಲು ಶುರು ಮಾಡಿದರೆ ಸಣ್ಣ ಸೀಲಿಗೂ, ಬೇರಿಂಗಿಗೂ ಪುನಃ ಅದೇ ಇಳಿಸುವ ಕೂಲಿ ಕೊಡಬೇಕು. ಗೇರ್‌ಬಾಕ್ಸ್ ಆಯಿಲ್ ಮೊದಲೇ ಹೇಳಿ ತರಿಸಿಡುತ್ತೇನೆ. ಬರುವ ಮೊದಲು ಚಾಸಿ ನಂಬರ್ ಕಳಿಸು.